ನಾನು ನಾನೇ ಎಂಬುದಕ್ಕೆ ನೂರು ರೂಪಾಯಿ

ತಾನು ತಾನೇ ಎಂದು ಪ್ರಮಾಣ ಮಾಡಲು ಕರ್ನಾಟಕದಲ್ಲಿ ಈಗ ನೂರು ರೂಪಾಯಿ ಮುದ್ರಾಂಕ ಶುಲ್ಕ. 2024ರ ಫೆಬ್ರುವರಿಗೆ ಮುಂಚೆ ಇಪ್ಪತ್ತು ಇತ್ತು. ಟೈಪ್ ಮಾಡಿದವರಿಗೂ ನೋಟರಿಗೂ ಕೊಡುವುದು ಬೇರೆ. ಅಂಕಪಟ್ಟಿಯಲ್ಲಿ ಎಂ. ಮಂಜುನಾಥ, ಆಧಾರ್‌ನಲ್ಲಿ ಮಂಜುನಾಥ ಎಂ., ಪ್ಯಾನ್ ಕಾರ್ಡಿನಲ್ಲಿ ಮಂಜುನಾಥ ಮಲ್ಲಪ್ಪ, ಪಾಸ್‌ಬುಕ್ಕಿನಲ್ಲಿ ಬರೀ ಮಂಜುನಾಥ್. ಈ ನಾಲ್ವರೂ ಒಬ್ಬನೇ ಎಂದು ಆ ಮಂಜುನಾಥನೇ ಸತ್ಯಪ್ರಮಾಣ ಮಾಡಬೇಕು. ಯಾವ ತಾಲ್ಲೂಕು ಕಚೇರಿಯ ಎದುರು ಹೋದರೂ ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಈ ಅಫಿಡವಿಟ್ಟಿನ ಕರಡು ತಯಾರಾಗಿಯೇ ಕೂತಿರುತ್ತದೆ. ಹೆಸರಿನ ಜಾಗವಷ್ಟೇ ಖಾಲಿ.

ಈ ಕಾಗದದಿಂದ ಸಾಬೀತಾಗುವುದೇನು? ಏನೂ ಇಲ್ಲ. ಯಾರ ಮೇಲೆ ಅನುಮಾನವೋ ಅವನ ಬಾಯಿಂದಲೇ ಹೇಳಿಕೆ ಪಡೆದಂತಾಯಿತು. ಸುಳ್ಳು ಹೇಳುವವನಾದರೆ ನೂರು ರೂಪಾಯಿ ಕೊಟ್ಟೂ ಸುಳ್ಳು ಹೇಳುತ್ತಾನೆ. ಆದರೆ ಕಡತಕ್ಕೆ ಒಂದು ಹಾಳೆ ಸೇರಿತು. ನಾಳೆ ತಕರಾರು ಬಂದರೆ, ಆಡಿಟ್‌ನವರು ಆಕ್ಷೇಪ ಎತ್ತಿದರೆ, ಕೇಸ್ ವರ್ಕರ್ ತೋರಿಸಿ ಪಾರಾಗಲು ಒಂದು ಆಧಾರ ಸಿಕ್ಕಿತು. ನಮ್ಮ ಕಚೇರಿಗಳು ಕೇಳುವ ಕಾಗದಗಳಲ್ಲಿ ದೊಡ್ಡ ಪಾಲು ಈ ಜಾತಿಯದು: ಸತ್ಯ ತಿಳಿಯುವುದಕ್ಕಲ್ಲ, ತಿಳಿಯಲು ಪ್ರಯತ್ನಿಸಿದೆ ಎಂದು ತೋರಿಸುವುದಕ್ಕೆ. ಇದನ್ನು ಒಮ್ಮೆ ಒಪ್ಪಿಕೊಂಡರೆ ಕಳೆದ ಇಪ್ಪತ್ತೈದು ವರ್ಷಗಳ ಆಡಳಿತ ಸುಧಾರಣೆ ಎಲ್ಲಿ ಗೆದ್ದಿತು, ಎಲ್ಲಿ ಸುಮ್ಮನೆ ಸುತ್ತು ಹೊಡೆಯಿತು ಎನ್ನುವುದು ಸಾಕಷ್ಟು ಸ್ಪಷ್ಟವಾಗುತ್ತದೆ.

ಹೆಸರಿನ ರಗಳೆಯನ್ನೇ ಇನ್ನಷ್ಟು ನೋಡೋಣ, ಏಕೆಂದರೆ ಇದರಷ್ಟು ಜನರನ್ನು ಅಲೆಸಿರುವ ವಿಷಯ ಇನ್ನೊಂದಿಲ್ಲ. ನಮ್ಮಲ್ಲಿ ಹೆಸರಿಗೆ ಮುಂಚೆ ಊರಿನ ಅಕ್ಷರ, ಅಪ್ಪನ ಅಕ್ಷರ ಬರುವುದು ಹಳೇ ಮೈಸೂರಿನ ಕಡೆ ರೂಢಿ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಕೊನೆಗೆ. ಹೆಣ್ಣುಮಕ್ಕಳ ಹೆಸರಿನ ಹಿಂದೆ ಮದುವೆಗೆ ಮುಂಚೆ ಅಪ್ಪ, ಆಮೇಲೆ ಗಂಡ. ಎಷ್ಟೋ ಹಿರಿಯರಿಗೆ ಇರುವುದು ಒಂದೇ ಹೆಸರು, ಲಕ್ಷ್ಮಮ್ಮ ಎಂದೋ ಸಣ್ಣಪ್ಪ ಎಂದೋ. ಇವರೆಲ್ಲ ಬಂದು ನಿಲ್ಲುವುದು ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಖಾನೆಗಳ ಮುಂದೆ. ಪ್ಯಾನ್ ಅರ್ಜಿ ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಿರಿ ಎನ್ನುತ್ತದೆ. ಶಾಲೆಯ ದಾಖಲೆಯಲ್ಲಿ ಬಿಡಿಸಿರುವುದಿಲ್ಲ. ಕನ್ನಡದ ಹೆಸರನ್ನು ಇಂಗ್ಲಿಷಿಗೆ ಇಳಿಸುವಾಗ ಒಬ್ಬ ಆಪರೇಟರ್ ಕೊನೆಗೆ 'ಎ' ಸೇರಿಸಿದ್ದರೆ ಇನ್ನೊಬ್ಬ ಬಿಟ್ಟಿದ್ದಾನೆ. ಲಕ್ಷ್ಮಿಗೆ ಒಬ್ಬ 'ಕೆಎಸ್‌ಎಚ್' ಹಾಕಿದರೆ ಮತ್ತೊಬ್ಬ 'ಎಕ್ಸ್' ಹಾಕಿದ್ದಾನೆ. ತಪ್ಪು ಲಕ್ಷ್ಮಮ್ಮನದಲ್ಲ, ಆಕೆ ಆ ಅಕ್ಷರ ಓದಿದವಳೇ ಅಲ್ಲ. ಆದರೆ ಸರಿಪಡಿಸುವ ಓಡಾಟ ಮಾತ್ರ ಆಕೆಯದು. ವಿದೇಶಕ್ಕೆ ಹೊರಟ ಕನ್ನಡಿಗರಿಗೂ ಇದರಿಂದ ಬಿಡುಗಡೆಯಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ 'ಮೊದಲ ಹೆಸರು ಗೊತ್ತಿಲ್ಲ' ಎಂಬರ್ಥದ ಮೂರಕ್ಷರ ಅಚ್ಚಾಗುತ್ತದೆ. 2022ರ ನವೆಂಬರಿನಲ್ಲಿ ಯುಎಇ, ಒಂದೇ ಹೆಸರಿನ ಪಾಸ್‌ಪೋರ್ಟ್ ಹಿಡಿದು ಪ್ರವಾಸಿ ವೀಸಾದ ಮೇಲೆ ಬರುವವರನ್ನು ಒಳಗೆ ಬಿಡುವುದಿಲ್ಲ ಎಂದಿತು.

ಹುಟ್ಟಿದ ದಿನದ ಕಥೆಯೂ ಇದೇ. ಶಾಲೆಗೆ ಸೇರಿಸುವ ದಿನ ಮೇಷ್ಟರು ಲೆಕ್ಕ ಹಾಕಿ ಜೂನ್ ಒಂದು ಎಂದು ಬರೆದುಕೊಂಡ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಆ ತಾರೀಕು ಅಂಕಪಟ್ಟಿಗೆ ಹೋಯಿತು, ಅಲ್ಲಿಂದ ನೌಕರಿಗೆ ಹೋಯಿತು. ಆಧಾರ್ ಮಾಡಿಸುವಾಗ ಬಾಯಲ್ಲಿ ಹೇಳಿದ ವರ್ಷ ಬೇರೆಯಾಯಿತು. ವರ್ಷಗಟ್ಟಲೆ ಎಲ್ಲದಕ್ಕೂ ಆಧಾರ್ ತನ್ನಿ ಎಂದ ಮೇಲೆ, 2024ರ ಜನವರಿಯಲ್ಲಿ ಭವಿಷ್ಯನಿಧಿ ಸಂಸ್ಥೆ ಜನ್ಮದಿನಾಂಕದ ದಾಖಲೆಗಳ ಪಟ್ಟಿಯಿಂದ ಆಧಾರನ್ನು ತೆಗೆದುಹಾಕಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ. ಆಧಾರ್ ಗುರುತಿನ ದಾಖಲೆ, ಜನ್ಮದಿನಾಂಕದ್ದಲ್ಲ. ಆದರೆ ಈ ಮಾತನ್ನು ಜನ ಕೇಳಿಸಿಕೊಂಡಿದ್ದು ಇದ್ದಬದ್ದ ಜಾಗಕ್ಕೆಲ್ಲ ಆಧಾರ್ ಜೋಡಿಸಿಯಾದ ಮೇಲೆ. ಆಧಾರ್ ಯೋಜನೆಯನ್ನೇ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2018ರ ತೀರ್ಪು ಯೋಜನೆಯನ್ನು ಉಳಿಸಿತು, ಬ್ಯಾಂಕು ಖಾತೆಗೂ ಮೊಬೈಲಿಗೂ ಅದು ಕಡ್ಡಾಯವಲ್ಲ ಎಂದಿತು. ಕೌಂಟರಿನಲ್ಲಿ ಈ ತೀರ್ಪನ್ನು ಉಲ್ಲೇಖಿಸಿ ವಾದಿಸಿ ಗೆದ್ದವರು ಯಾರಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ.

ಹಿಂದಿನ ಕಾಲ ಚೆನ್ನಾಗಿತ್ತು ಎನ್ನುವವರೂ ಇದ್ದಾರೆ. ಆ ಮಾತನ್ನು ನಂಬಬಾರದು. ಇಪ್ಪತ್ತನೇ ಶತಮಾನದ ಕೊನೆಯವರೆಗೆ ಪಹಣಿ ಎಂದರೆ ಗ್ರಾಮ ಲೆಕ್ಕಿಗರ ಕೈಬರಹ. ಸುಮಾರು 9 ಸಾವಿರ ಲೆಕ್ಕಿಗರ ಬಳಿ ರಾಜ್ಯದ ಜಮೀನಿನ ಚರಿತ್ರೆಯೆಲ್ಲ ಇತ್ತು. ಅವರು ಊರಿನಲ್ಲಿದ್ದರೆ ಪಹಣಿ, ಇಲ್ಲದಿದ್ದರೆ ಇಲ್ಲ. 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಕೈಬರಹದ ಪಹಣಿಗೆ ಬೆಲೆಯಿಲ್ಲ ಎಂದು ಸಾರಿದ 'ಭೂಮಿ' ಯೋಜನೆ ಆ ಹಿಡಿತವನ್ನು ಮುರಿಯಿತು. ಆಗ 15 ರೂಪಾಯಿ ಕೊಟ್ಟರೆ ಯಾರ ಪಹಣಿ ಬೇಕಾದರೂ ಯಾರು ಬೇಕಾದರೂ ಪಡೆಯಬಹುದಿತ್ತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ನಡೆಸಿದ ಸಮೀಕ್ಷೆಯಲ್ಲಿ, ಹಳೆಯ ಪದ್ಧತಿಯಲ್ಲಿ ಪಹಣಿ ಪಡೆದವರಲ್ಲಿ ಶೇ. 66 ಮಂದಿ ಲಂಚ ಕೊಟ್ಟಿದ್ದೆವು ಎಂದರೆ, ಕಿಯೋಸ್ಕಿನಲ್ಲಿ ಪಡೆದವರಲ್ಲಿ ಹಾಗೆಂದವರು ಶೇ. 3. ಇದು ಸಣ್ಣ ಬದಲಾವಣೆಯಲ್ಲ. ಯೋಜನೆಯನ್ನು ಕಟುವಾಗಿ ಟೀಕಿಸಿದವರೂ ಇದ್ದರು. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರ 2007ರ ಅಧ್ಯಯನ, ದಾಖಲೆ ಸುಲಭವಾದದ್ದರ ಲಾಭ ಬೆಂಗಳೂರಿನ ಸುತ್ತ ಜಮೀನು ಕೊಳ್ಳುವ ದೊಡ್ಡವರಿಗೇ ಹೆಚ್ಚು ಎಂದು ವಾದಿಸಿತು. ಎರಡೂ ಮಾತಿನಲ್ಲಿ ಹುರುಳಿದೆ. ನನ್ನ ಗಮನ ಬೇರೆ ಕಡೆ: ಪಹಣಿ ಸಿಗುವುದು ಸುಲಭವಾದ ಕೂಡಲೇ ಪಹಣಿ ಕೇಳುವುದೂ ಸುಲಭವಾಯಿತು. ಸೊಸೈಟಿಯ ಸಾಲಕ್ಕೆ, ಗೊಬ್ಬರಕ್ಕೆ, ಹನಿ ನೀರಾವರಿಯ ಸಬ್ಸಿಡಿಗೆ, ಬೆಳೆ ಪರಿಹಾರಕ್ಕೆ, ಪ್ರತಿಯೊಂದಕ್ಕೂ 'ಇತ್ತೀಚಿನ ಪಹಣಿ'. ಒಂದು ಇಲಾಖೆ ಅಚ್ಚು ಹಾಕಿದ್ದನ್ನು ಇನ್ನೊಂದು ಇಲಾಖೆಗೆ ಹೊತ್ತು ತಲುಪಿಸುವವನು ರೈತ.

ಸರ್ಕಾರಿ ಸೇವೆಗೆ ಗಡುವು ಹಾಕುವ 'ಸಕಾಲ' ಬಂದದ್ದು 'ಭೂಮಿ'ಯ ಮುಂದಿನ ಹಂತವಾಗಿ. 2011ರ ಕಾಯ್ದೆ, ನಾಲ್ಕು ತಾಲ್ಲೂಕುಗಳಲ್ಲಿ ಪ್ರಯೋಗ ಮಾಡಿ 2012ರ ಏಪ್ರಿಲ್ 2ರಂದು ರಾಜ್ಯಕ್ಕೆಲ್ಲ ವಿಸ್ತರಣೆ. ಮಧ್ಯಪ್ರದೇಶ 2010ರಲ್ಲೇ ಇಂಥ ಕಾಯ್ದೆ ತಂದಿತ್ತು. ಮೊದಲಿಗೆ 11 ಇಲಾಖೆಗಳ 151 ಸೇವೆ. ಅರ್ಜಿ ಕೊಟ್ಟರೆ 15 ಅಂಕಿಯ ಜಿಎಸ್‌ಸಿ ನಂಬರು, ಇಷ್ಟು ದಿನದೊಳಗೆ ಕೆಲಸ ಎಂಬ ಗಡುವು, ತಪ್ಪಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ, ಅದೂ ತಡಮಾಡಿದ ಅಧಿಕಾರಿಯ ಜೇಬಿನಿಂದ. 'ನಾಳೆ ಬಾ' ಎನ್ನುವ ಮಾತಿಗೆ ನಮ್ಮಲ್ಲಿ ಮೊದಲ ಬಾರಿ ಬೆಲೆ ಕಟ್ಟಿದ ಕಾಯ್ದೆ ಅದು. ಆದರೆ ಕಚೇರಿಗಳು ಬೇಗ ಪಾಠ ಕಲಿತವು. ನಂಬರು ಕೊಟ್ಟರೆ ತಾನೇ ಗಡುವು? ಹಾಗಾಗಿ ಅರ್ಜಿ ಕೈಯಲ್ಲಿ ಪಡೆದು, ಕೆಲಸ ಮುಗಿಯುವ ಹೊತ್ತಿಗೆ ಕಂಪ್ಯೂಟರಿಗೆ ಏರಿಸುವುದು. ಅಥವಾ ಗಡುವಿನ ಹಿಂದಿನ ದಿನ 'ದಾಖಲೆ ಅಪೂರ್ಣ' ಎಂದು ಒಂದು ಸಾಲಿನ ಹಿಂಬರಹ ಕೊಟ್ಟು ತಿರಸ್ಕರಿಸುವುದು. ತಿರಸ್ಕಾರವೂ ಲೆಕ್ಕದಲ್ಲಿ ವಿಲೇವಾರಿಯೇ.

ಇದಕ್ಕಿಂತ ದೊಡ್ಡ ತಕರಾರು ಒಂದಿದೆ. ಸಕಾಲ ಅಳೆಯುವುದು ಪ್ರಮಾಣಪತ್ರ ಎಷ್ಟು ದಿನಕ್ಕೆ ಸಿಕ್ಕಿತು ಎಂಬುದನ್ನು. ಆ ಪ್ರಮಾಣಪತ್ರ ಬೇಕಿತ್ತೇ ಎಂಬುದನ್ನಲ್ಲ. ಪಡಿತರ ಚೀಟಿ ಕೊಡುವಾಗ ಆದಾಯ ನೋಡಿದ್ದು ಸರ್ಕಾರವೇ. ವಿದ್ಯಾರ್ಥಿವೇತನಕ್ಕೆ ಆದಾಯ ಪತ್ರ ಕೇಳುವುದೂ ಸರ್ಕಾರವೇ. ಆ ಪತ್ರವನ್ನು ನಾಡಕಚೇರಿಯಿಂದ ಕೊಡುವುದೂ ಸರ್ಕಾರವೇ. ಈ ಮೂರರ ನಡುವೆ ಓಡಾಡಿ ಅರ್ಜಿಗಳ ಸಂಖ್ಯೆ ಹೆಚ್ಚಿಸಿದವರು ಹುಡುಗನೂ ಅವನ ಅಪ್ಪನೂ. ವರ್ಷದ ಕೊನೆಗೆ ಇಷ್ಟು ಲಕ್ಷ ಅರ್ಜಿ ವಿಲೇವಾರಿ ಎಂಬ ಅಂಕಿ ಪತ್ರಿಕಾ ಪ್ರಕಟಣೆಯಲ್ಲಿ ಸಾಧನೆಯಾಗಿ ಬರುತ್ತದೆ. ಒಂದು ಲಕ್ಷ ಅರ್ಜಿಗಳೇ ಬೇಡವಾಗಿಸಿದ ಇಲಾಖೆಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. ಅಂಕಿ ಇಳಿದಿದ್ದಕ್ಕೆ ಬಹುಶಃ ಕಾರಣ ಕೇಳುವ ನೋಟಿಸೇ ಹೋದೀತು.

ಪೌತಿ ಖಾತೆಯನ್ನು ನೋಡಿದರೆ ಈ ಸುತ್ತಾಟದ ಪೂರ್ಣರೂಪ ಕಾಣುತ್ತದೆ. ಅಪ್ಪ ತೀರಿಕೊಂಡಿದ್ದಾರೆ, ಪಹಣಿ ಅವರ ಹೆಸರಿನಲ್ಲೇ ಇದೆ. ಎಷ್ಟೋ ಕಡೆ ಅಪ್ಪನಲ್ಲ, ಅಜ್ಜನ ಹೆಸರು. ಖಾತೆ ಬದಲಾಗದೆ ಬ್ಯಾಂಕ್ ಸಾಲವಿಲ್ಲ, ಬೆಳೆ ಹಾನಿಯ ಪರಿಹಾರಕ್ಕೂ ಪಿಎಂ ಕಿಸಾನ್ ಹಣಕ್ಕೂ ತೊಡಕು. ಮೊದಲು ಮರಣಪತ್ರ ಬೇಕು. ಜನನ ಮರಣ ನೋಂದಣಿಯ 1969ರ ಕಾಯ್ದೆ ಪ್ರಕಾರ ಸಾವನ್ನು 21 ದಿನದೊಳಗೆ ಬರೆಸಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಬಹುಕಾಲ ಇದಕ್ಕಾಗಿ ಕೋರ್ಟಿಗೇ ಹೋಗಬೇಕಿತ್ತು. ಮೂವತ್ತು ವರ್ಷದ ಹಿಂದೆ ಊರೆಲ್ಲ ಸೇರಿ ಮಣ್ಣು ಮಾಡಿದ ಮನುಷ್ಯ ಸತ್ತಿದ್ದಾನೆಂದು ತೀರ್ಪು ಪಡೆಯಲು ವಕೀಲರನ್ನು ಹಿಡಿಯಬೇಕಿತ್ತು. 2023ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳ ಹಂತಕ್ಕೆ ತಂದಿತು. ಮರಣಪತ್ರವಾದ ಮೇಲೆ ವಂಶವೃಕ್ಷ. ಅದಕ್ಕೊಂದು ಅಫಿಡವಿಟ್. ಮದುವೆಯಾಗಿ ಹೋದ ಅಕ್ಕ ತಂಗಿಯರ ಆಧಾರ್ ಪ್ರತಿ, ಸಹಿ. ಅವರಲ್ಲೊಬ್ಬಳು ಮುಂಬೈಯಲ್ಲಿದ್ದರೆ ಅವಳು ಬರಬೇಕು. ಆಮೇಲೆ ಮ್ಯುಟೇಶನ್ ಅರ್ಜಿ, ತಕರಾರಿಗೆ ಕಾಯುವ ಅವಧಿ. ಪಾಲು ಬೇರೆ ಬೇರೆಯಾಗಬೇಕೆಂದರೆ ಅಳತೆ, ಪೋಡಿ, ಅಂದರೆ ಇನ್ನೊಂದು ಇಲಾಖೆ, ಇನ್ನೊಂದು ಸರದಿ. ಕಂದಾಯ ಇಲಾಖೆ ಈಗ ಪೌತಿ ಖಾತೆ ಆಂದೋಲನ ಮಾಡಿ ಮನೆಬಾಗಿಲಿಗೆ ಹೋಗುತ್ತಿದೆ, ಒಳ್ಳೆಯದು. ಆದರೆ ಆಂದೋಲನ ಮಾಡಬೇಕಾಗಿ ಬಂದಿದೆ ಎನ್ನುವುದೇ ದಿನನಿತ್ಯದ ವ್ಯವಸ್ಥೆ ಎಷ್ಟು ಕಠಿಣವಾಗಿತ್ತು ಎಂಬುದಕ್ಕೆ ಸಾಕ್ಷಿ. ಒಂದು ನ್ಯಾಯದ ಮಾತನ್ನೂ ಸೇರಿಸಬೇಕು: ಅಕ್ಕ ತಂಗಿಯರ ಸಹಿ ಕೇಳುವುದನ್ನು ವ್ಯರ್ಥ ಎನ್ನಲಾರೆ. ಆ ಒಂದು ಸಹಿ ಇಲ್ಲದೆ ಹೋಗಿದ್ದರೆ ಎಷ್ಟು ಹೆಣ್ಣುಮಕ್ಕಳ ಪಾಲು ಸದ್ದಿಲ್ಲದೆ ಮಾಯವಾಗುತ್ತಿತ್ತೋ.

ಬಹಳಷ್ಟು ನಿಯಮಗಳ ಹಿಂದೆ ಹೀಗೆ ಒಂದು ಹಳೆಯ ಮೋಸ ಇದ್ದೇ ಇರುತ್ತದೆ. ಖಾನಾಪುರದ ಅಬ್ದುಲ್ ಕರೀಂ ತೆಲಗಿ ನಕಲಿ ಛಾಪಾಕಾಗದದ ಜಾಲ ಹಬ್ಬಿಸಿ ಹಲವು ರಾಜ್ಯಗಳ ಖಜಾನೆಗೆ ಕನ್ನ ಹಾಕಿದ ಮೇಲೆ ಕರ್ನಾಟಕ ಹಳೆಯ ಛಾಪಾಕಾಗದವನ್ನೇ ಬಿಟ್ಟು ಇ-ಸ್ಟಾಂಪಿಂಗ್‌ಗೆ ಬಂತು. ಒಬ್ಬ ಮೋಸ ಮಾಡಿದರೆ ಕಾಗದ ಎಲ್ಲರಿಗೂ ಹೆಚ್ಚಾಗುತ್ತದೆ. ಮೋಸದ ಕಾಲ ಮುಗಿದ ಮೇಲೆ ಕಾಗದ ಕಡಿಮೆಯಾದ ಉದಾಹರಣೆ ಮಾತ್ರ ವಿರಳ. ಗುಮಾಸ್ತರ ಕಡೆಯಿಂದ ಯೋಚಿಸಿದರೆ ಇದು ಅರ್ಥವಾಗುತ್ತದೆ. ಒಂದು ದಾಖಲೆ ಹೆಚ್ಚು ಕೇಳಿದ್ದಕ್ಕೆ ಯಾರೂ ಸಸ್ಪೆಂಡ್ ಆಗಿಲ್ಲ. ಒಂದು ಕಡಿಮೆ ಕೇಳಿದ್ದಕ್ಕೆ ಇಲಾಖಾ ವಿಚಾರಣೆ ಎದುರಿಸಿ ಪಿಂಚಣಿ ತಡೆಹಿಡಿಸಿಕೊಂಡವರನ್ನು ಅವರು ನೋಡಿದ್ದಾರೆ.

ಕೌಂಟರಿನ ಆಚೆ ಕೂತವರ ಪಾಡನ್ನು ನಮ್ಮ ಬರಹಗಳು ಕಾಣುವುದು ಕಡಿಮೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಕೂತರು. ಅವರ ದೂರುಗಳಲ್ಲಿ ಮುಖ್ಯವಾದದ್ದು ಆ್ಯಪ್‌ಗಳ ಹೊರೆ: ಬೆಳೆ ಸಮೀಕ್ಷೆಗೊಂದು, ಆಧಾರ್ ಜೋಡಣೆಗೊಂದು, ಸರ್ಕಾರಿ ಜಮೀನಿನ ಗಸ್ತಿಗೊಂದು, ಹೀಗೆ ಹತ್ತಾರು, ಅವಕ್ಕೆ ಬೇಕಾದ ಮೊಬೈಲು, ಸಲಕರಣೆ ಮಾತ್ರ ಇಲ್ಲ. ಅಂಗನವಾಡಿ ಕಾರ್ಯಕರ್ತೆಯರ ಗೋಳೂ ಅದೇ. ಮಗುವಿಗೆ ಊಟ ಬಡಿಸಿದ್ದಕ್ಕಿಂತ ಬಡಿಸಿದ್ದನ್ನು ಫೋನಿಗೆ ಏರಿಸಿದ್ದು ಮುಖ್ಯ. ಮೇಲಿನವರು ಕೆಳಗಿನವರನ್ನು ನಂಬುವುದಿಲ್ಲ, ಕೆಳಗಿನವರು ಎದುರಿಗೆ ನಿಂತವರನ್ನು ನಂಬುವುದಿಲ್ಲ. ಫೋಟೊ, ಜಿಪಿಎಸ್, ಒಟಿಪಿ ಎಲ್ಲ ಹುಟ್ಟಿದ್ದು ಈ ಅಪನಂಬಿಕೆಯಿಂದಲೇ.

ಇದನ್ನು ಅಧ್ಯಯನ ಮಾಡಿದವರು ಹೊರಗೂ ಸಾಕಷ್ಟಿದ್ದಾರೆ. ಬ್ರಿಟಿಷ್ ನೌಕಾಪಡೆಯ ದೊಡ್ಡ ಯುದ್ಧನೌಕೆಗಳು 1914ರಲ್ಲಿ 62 ಇದ್ದದ್ದು 1928ಕ್ಕೆ 20ಕ್ಕೆ ಇಳಿದರೂ ಕೇಂದ್ರ ಕಚೇರಿಯ ಅಧಿಕಾರಿಗಳು 2,000ದಿಂದ 3,569ಕ್ಕೆ ಏರಿದ್ದನ್ನು ತೋರಿಸಿ ಇತಿಹಾಸಕಾರ ಪಾರ್ಕಿನ್ಸನ್ 1955ರಲ್ಲಿ ನಗಿಸಿದ. ಡೇವಿಡ್ ಗ್ರೇಬರ್ 2018ರ ಪುಸ್ತಕದಲ್ಲಿ, ಮಾಡುವವರಿಗೇ ಅರ್ಥವಿಲ್ಲವೆನಿಸುವ ನೌಕರಿಗಳ ಪಟ್ಟಿ ಮಾಡಿದ. ಅದೇ ವರ್ಷ ಪಮೇಲಾ ಹರ್ಡ್ ಮತ್ತು ಡೊನಾಲ್ಡ್ ಮೊಯ್ನಿಹನ್, ಸೌಲಭ್ಯ ಪಡೆಯಲು ಜನ ತೆರುವ ಬೆಲೆಯನ್ನು ಮೂರಾಗಿ ಬಿಡಿಸಿದರು: ತಿಳಿದುಕೊಳ್ಳುವ ಶ್ರಮ, ಷರತ್ತು ಪೂರೈಸುವ ಶ್ರಮ, ಮನಸ್ಸಿಗಾಗುವ ಘಾಸಿ. ನಮಗೆ ಹೆಚ್ಚು ಹೊಂದುವುದು ಇದೇ. ಗ್ರೇಬರ್ ಮಾತು ಇಲ್ಲಿ ಅಷ್ಟಾಗಿ ಕೂರುವುದಿಲ್ಲ. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸರ್ಕಾರಿ ಹುದ್ದೆ ಖಾಲಿ ಬಿದ್ದಿವೆ. ಇಲ್ಲಿ ಹುದ್ದೆ ವ್ಯರ್ಥವಲ್ಲ. ಹುದ್ದೆಯಲ್ಲಿ ಇರುವ ಒಬ್ಬನ ಕೈಯಲ್ಲಿ ವ್ಯರ್ಥ ಕೆಲಸ ಮಾಡಿಸುತ್ತಿದ್ದೇವೆ.

ಆನ್‌ಲೈನ್ ಬಂದಮೇಲೆ ಸಾಲು ಮಾಯವಾಗಲಿಲ್ಲ, ಜಾಗ ಬದಲಿಸಿತು. ಸೇವಾ ಸಿಂಧು ಪೋರ್ಟಲ್, 2022ರಲ್ಲಿ ಶುರುವಾದ ಗ್ರಾಮ ಒನ್, ಬೀದಿಗೊಂದು ಸೈಬರ್ ಸೆಂಟರ್. ಹಳ್ಳಿಯ ಎಷ್ಟೋ ಮನೆಗಳ ಲಾಗಿನ್, ಪಾಸ್‌ವರ್ಡ್ ಎಲ್ಲ ಆ ಅಂಗಡಿಯ ಹುಡುಗನ ನೋಟ್‌ಬುಕ್ಕಿನಲ್ಲಿವೆ. ಜನರ ಮಟ್ಟಿಗೆ ಸರ್ಕಾರ ಎಂದರೆ ಅವನೇ. ಹಿಂದೆ ಗುಮಾಸ್ತರ ಮುಖ ನೋಡಿ ಬೇಡಿಕೊಳ್ಳಬಹುದಿತ್ತು, ಜಗಳವಾಡಬಹುದಿತ್ತು. 'ಸರ್ವರ್ ಡೌನ್' ಜೊತೆ ಜಗಳವಾಡುವುದು ಹೇಗೆ? ಕಾಫಿ ತೋಟದಲ್ಲಿ, ಕಲ್ಲು ಕ್ವಾರಿಯಲ್ಲಿ ದುಡಿದು ಬೆರಳ ಗೆರೆ ಸವೆದವರನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಗುರುತಿಸುವುದಿಲ್ಲ. ಎದುರು ಕೂತ ಅಂಗಡಿಯವನಿಗೆ ಅವರು ಹುಟ್ಟಿನಿಂದ ಗೊತ್ತು, ಆದರೆ ಅವನ ಮಾತಿಗೆ ಬೆಲೆಯಿಲ್ಲ. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಶುರುವಾದಾಗ 'ಎನ್‌ಪಿಸಿಐ ಮ್ಯಾಪಿಂಗ್' ಎಂಬ ಮಾತು ಅಡುಗೆಮನೆಗಳವರೆಗೆ ತಲುಪಿತು. ಸರ್ಕಾರ ಮಂಜೂರು ಮಾಡಿದ ಹಣ, ಆಧಾರ್ ಯಾವ ಖಾತೆಗೆ ಅಂಟಿಕೊಂಡಿದೆ ಎಂಬುದರ ಮೇಲೆ ನಿಂತಿತ್ತು. ಅದನ್ನು ಸರಿಮಾಡಿಸಲು ದಿನಗೂಲಿ ಬಿಟ್ಟು ಬ್ಯಾಂಕಿನ ಮುಂದೆ ನಿಂತವರು ಆ ಹಣ ಅತ್ಯಂತ ಅಗತ್ಯವಿದ್ದವರೇ.

ಖಾಸಗಿಯವರು ಇದಕ್ಕಿಂತ ಮೇಲು ಎನ್ನುವ ನಂಬಿಕೆ ಒಂದು ಕಾಲದಲ್ಲಿತ್ತು. ಈಗ ಫೋನ್ ಹಚ್ಚಿದರೆ ಕನ್ನಡಕ್ಕೆ ಇಂಥ ಅಂಕಿ ಒತ್ತಿ ಎನ್ನುತ್ತದೆ, ಒತ್ತಿ ಕಾದ ಮೇಲೆ ಬರುವ ದನಿ ಹಿಂದಿಯಲ್ಲಿ ಮಾತಾಡುತ್ತದೆ. ದೂರು ಬಗೆಹರಿಯುವ ಮುಂಚೆಯೇ 'ನಮ್ಮ ಸೇವೆಗೆ ಎಷ್ಟು ಅಂಕ ಕೊಡುತ್ತೀರಿ' ಎಂಬ ಸಂದೇಶ ಬರುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಕೆವೈಸಿ ನವೀಕರಣ ಅಪಾಯ ಹೆಚ್ಚಿರುವ ಗ್ರಾಹಕರಿಗೆ 2 ವರ್ಷಕ್ಕೊಮ್ಮೆ, ಮಧ್ಯಮ ಅಪಾಯದವರಿಗೆ 8, ಕಡಿಮೆ ಇರುವವರಿಗೆ 10 ವರ್ಷಕ್ಕೊಮ್ಮೆ. ಶಾಖೆಗೆ ಹೋದರೆ ಈ ವಿಂಗಡಣೆಯ ಸುಳಿವೂ ಸಿಗದು. ಪಿಂಚಣಿ ಬಿಟ್ಟು ಬೇರೆ ವ್ಯವಹಾರವಿಲ್ಲದ ಅಜ್ಜಿಯೂ ಫೋಟೊ ತರಬೇಕು. ಇದರ ಕೆಟ್ಟ ಫಲ ಇನ್ನೊಂದು. ಬ್ಯಾಂಕಿನ ನಿಜ ಸಂದೇಶವೂ ಕಳ್ಳರ ಸಂದೇಶವೂ ಒಂದೇ ಧಾಟಿಯಲ್ಲಿ ಬರುತ್ತವೆ: ಕೆವೈಸಿ ಮಾಡದಿದ್ದರೆ ಖಾತೆ ಬ್ಲಾಕ್. ಬೆದರಿಕೆಯ ಭಾಷೆಯನ್ನು ಜನರಿಗೆ ರೂಢಿ ಮಾಡಿಸಿದ್ದು ಯಾರು? ಇನ್ನು ಚಂದಾ ಸೇವೆಗಳು: ಸೇರಲು ಒಂದು ಒತ್ತು, ಬಿಡಲು ಜಟಿಲ ದಾರಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಇಂಥ 13 ಕುಟಿಲ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ವ್ಯತ್ಯಾಸ ಇಷ್ಟೇ: ಸರ್ಕಾರಿ ಕಚೇರಿಯಲ್ಲಿ ಸಿಕ್ಕು ಭಯದಿಂದ ಹುಟ್ಟುತ್ತದೆ, ಕಂಪನಿಯಲ್ಲಿ ಲಾಭದ ಲೆಕ್ಕದಿಂದ.

ಸುಧಾರಣೆಯ ಸಲಹೆಗಳಿಗೆ ಬರವಿಲ್ಲ, ಅದರಲ್ಲೂ ಕನ್ನಡಿಗರ ಪಾಲು ದೊಡ್ಡದು. ವಿಧಾನಸೌಧ ಕಟ್ಟಿಸಿ, 'ಸರ್ಕಾರದ ಕೆಲಸ ದೇವರ ಕೆಲಸ' ಎಂಬ ಮಾತನ್ನು ಅದರ ಹಣೆಯ ಮೇಲಿಟ್ಟ ಕೆಂಗಲ್ ಹನುಮಂತಯ್ಯನವರೇ 1967ರಲ್ಲಿ ಮೊರಾರ್ಜಿ ದೇಸಾಯಿಯವರ ನಂತರ ದೇಶದ ಮೊದಲ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದರು. 2005ರಲ್ಲಿ ರಚನೆಯಾದ ಎರಡನೇ ಆಯೋಗಕ್ಕೆ ವೀರಪ್ಪ ಮೊಯ್ಲಿ. ಅದರ 15 ವರದಿಗಳಲ್ಲಿ ಹನ್ನೆರಡನೆಯದು ನಾಗರಿಕ ಕೇಂದ್ರಿತ ಆಡಳಿತದ ಬಗ್ಗೆಯೇ. ಗೆಜೆಟೆಡ್ ಅಧಿಕಾರಿಯ ಸಹಿಗಾಗಿ ಅಲೆಯುವುದನ್ನು ಬಿಟ್ಟು ಸ್ವಯಂ ದೃಢೀಕರಣ ಒಪ್ಪಿ ಎಂದು ಕೇಂದ್ರ 2014ರಲ್ಲಿ ಇಲಾಖೆಗಳಿಗೆಲ್ಲ ಹೇಳಿತು. ರಾಜ್ಯದಲ್ಲಿ ಹಾರನಹಳ್ಳಿ ರಾಮಸ್ವಾಮಿ, ಆಮೇಲೆ 2021ರಿಂದ ಟಿ.ಎಂ. ವಿಜಯಭಾಸ್ಕರ್, ನಂತರ ಆರ್.ವಿ. ದೇಶಪಾಂಡೆ ಆಯೋಗಗಳ ನೇತೃತ್ವ ವಹಿಸಿದರು. ವರದಿಗಳನ್ನು ಓದಿದರೆ ಯಾರೂ ಸಮಸ್ಯೆಯನ್ನು ತಪ್ಪಾಗಿ ಗುರುತಿಸಿಲ್ಲ ಅನ್ನಿಸುತ್ತದೆ. ಜಾರಿಗೆ ಬಂದಿರುವವು ಹೆಚ್ಚಾಗಿ ಹೊಸ ಪೋರ್ಟಲ್ ತೆರೆಯುವ ಸಲಹೆಗಳು. ಹಳೆಯ ಕಾಗದ ಕೈಬಿಡುವ ಸಲಹೆಗಳಲ್ಲ.

ಕೈಬಿಡಲು ಸಾಧ್ಯವಿದೆ ಎಂಬುದಕ್ಕೆ ಎಸ್ಟೋನಿಯಾದವರೆಗೆ ಹೋಗಬೇಕಿಲ್ಲ. ಅಲ್ಲಿ 2001ರಿಂದ ಇಲಾಖೆಗಳ ದತ್ತಾಂಶ ಒಂದು ಕೊಂಡಿಯಲ್ಲಿ ಕೂಡಿಕೊಂಡಿದೆ, ಒಮ್ಮೆ ಕೊಟ್ಟ ಮಾಹಿತಿಯನ್ನು ಸರ್ಕಾರ ಮತ್ತೆ ಕೇಳುವಂತಿಲ್ಲ ಎಂಬುದು ಅಲ್ಲಿನ ನೀತಿ. ನಮ್ಮಲ್ಲೇ 'ಫ್ರೂಟ್ಸ್' ಇದೆ. ರೈತ ಒಮ್ಮೆ ನೋಂದಾಯಿಸಿ ಎಫ್‌ಐಡಿ ನಂಬರು ಪಡೆದರೆ ಜಮೀನು, ಜಾತಿ, ಖಾತೆಯ ವಿವರ ಇಲಾಖೆಗಳಿಗೆ ನೇರ ಸಿಗುತ್ತದೆ; ಪ್ರತಿ ಸಬ್ಸಿಡಿಗೂ ಪಹಣಿ ಹೊರುವುದು ತಪ್ಪುತ್ತದೆ. ಮನೆಮನೆಯ ಮಾಹಿತಿ ಒಟ್ಟುಗೂಡಿಸುವ 'ಕುಟುಂಬ' ತಂತ್ರಾಂಶದ ಉದ್ದೇಶವೂ ಇದೇ. ಎಲ್ಲ ಮಾಹಿತಿ ಒಂದೆಡೆ ಸೇರಿದರೆ ಸರ್ಕಾರದ ಕಣ್ಣು ಮನೆಯೊಳಗೆ ಬರುತ್ತದೆ ಎಂಬ ಆತಂಕ ಇದೆ, ಪುಟ್ಟಸ್ವಾಮಿಯವರನ್ನು ಕೋರ್ಟಿಗೆ ಒಯ್ದದ್ದು ಅಂಥ ಆತಂಕವೇ. ಆದರೆ ಈಗ ನಮಗೆ ಎರಡರ ಕಷ್ಟವೂ ಇದೆ: ಸರ್ಕಾರಕ್ಕೆ ಎಲ್ಲವೂ ಗೊತ್ತು, ಆದರೂ ಝೆರಾಕ್ಸ್ ಬೇಕು.

ಹೊಸ ಆಯೋಗ, ಹೊಸ ಆ್ಯಪ್ ಇಲ್ಲದೆ ಮಾಡಬಹುದಾದ ಕೆಲಸ ಒಂದಿದೆ. ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಕಲಂ, ಪ್ರತಿ ಕಚೇರಿ ತಾನು ಅನುಸರಿಸುವ ನಿಯಮಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎನ್ನುತ್ತದೆ. ಅದನ್ನು ಅರ್ಜಿ ನಮೂನೆಯ ಮೇಲೇ ಮಾಡಲಿ. 'ಲಗತ್ತಿಸಬೇಕಾದ ದಾಖಲೆಗಳು' ಎಂಬ ಪಟ್ಟಿಯಲ್ಲಿ ಪ್ರತಿಯೊಂದರ ಎದುರು ಅದನ್ನು ಕೇಳುವ ಕಾಯ್ದೆ ಯಾವುದು, ಕಲಂ ಯಾವುದು, ಆದೇಶದ ತಾರೀಕು ಯಾವುದು ಎಂದು ಅಚ್ಚು ಹಾಕಲಿ. ಮರಣಪತ್ರದ ಎದುರು ಬರೆಯಲು ಕಲಂ ಸಿಗುತ್ತದೆ, ಅಕ್ಕ ತಂಗಿಯರ ಸಹಿಯ ಎದುರೂ ಸಿಗುತ್ತದೆ. ಮಂಜುನಾಥನೂ ಮಂಜುನಾಥ್‌ನೂ ಒಬ್ಬನೇ ಎಂಬ ಅಫಿಡವಿಟ್ಟಿನ ಎದುರು ಏನು ಬರೆಯುತ್ತಾರೆ ಎಂದು ನೋಡುವ ಕುತೂಹಲ ನನಗಿದೆ.